ನೆಲಕ್ಕೆ ಕಿವಿಗೊಟ್ಟವರು

ಗೌರಿಬಿದನೂರು ಎಂದಾಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಅದರ ಪಕ್ಕದ ವಿದುರಾಶ್ವತ್ಥ. 1938ರ ಏಪ್ರಿಲ್‌ನಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದ ಜಾಗ ಅದು. ವಿಜ್ಞಾನದಲ್ಲಿ ಆಸಕ್ತಿ ಇರುವವರಿಗೆ ಅಲ್ಲಿನ ರೇಡಿಯೋ ದೂರದರ್ಶಕವೂ ನೆನಪಾಗಬಹುದು. ಆದರೆ ಬೆಂಗಳೂರಿನಿಂದ ಸುಮಾರು 80 ಕಿ.ಮೀ. ಉತ್ತರಕ್ಕಿರುವ ಈ ಪ್ರದೇಶದ ಹೊಲ-ಗುಡ್ಡಗಳ ನಡುವೆ 1965ರಿಂದಲೂ ಇನ್ನೊಂದು ಬಗೆಯ ಉಪಕರಣಗಳು ಸದ್ದಿಲ್ಲದೆ ಕೆಲಸ ಮಾಡುತ್ತಿವೆ. ಅವು ಭೂಕಂಪಮಾಪಕಗಳು. ಭೂಕಂಪವನ್ನು ಅಳೆಯುವುದು ಅವುಗಳ ಕೆಲಸ ಎಂದು ಹೆಸರೇ ಹೇಳುತ್ತದೆ. ಆದರೆ ಅವನ್ನು ಅಲ್ಲಿ ನೆಟ್ಟ ಮುಖ್ಯ ಉದ್ದೇಶ ಬೇರೆ. ಸಾವಿರಾರು ಮೈಲಿ ದೂರದಲ್ಲಿ ಯಾವುದೋ ದೇಶ ನೆಲದಡಿ ಗುಟ್ಟಾಗಿ ಅಣುಬಾಂಬ್ ಸಿಡಿಸಿದರೆ ಅದನ್ನು ಕೇಳಿಸಿಕೊಳ್ಳಬೇಕೆಂಬುದೇ ಆ ಉದ್ದೇಶ.

ಬಾಂಬನ್ನು ಕಟ್ಟಿದವರು ವಿಜ್ಞಾನಿಗಳು. ಈ ಮಾತನ್ನು ನಾವು ಎಷ್ಟೋ ಸಲ ಕೇಳಿದ್ದೇವೆ, ಅದು ನಿಜವೂ ಹೌದು. ಆದರೆ ಬಾಂಬನ್ನು ಅಡಗಿಸಿಡಲಾಗದಂತೆ ಮಾಡಲು ಬದುಕನ್ನೇ ಸವೆಸಿದ ವಿಜ್ಞಾನಿಗಳ ಕತೆ ನಮಗೆ ಅಷ್ಟಾಗಿ ಗೊತ್ತಿಲ್ಲ. ಅಣುಪರೀಕ್ಷೆಗಳನ್ನು ನಿಲ್ಲಿಸಬೇಕೆಂಬ ಬೇಡಿಕೆಗೆ ಏಳು ದಶಕಗಳು ದಾಟಿವೆ. ಈ ಅವಧಿಯಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆ ಒಂದೇ: ‘ಒಪ್ಪಂದವೇನೋ ಆಗಬಹುದು, ಆದರೆ ಎದುರಾಳಿ ಮೋಸ ಮಾಡಿದರೆ ಗೊತ್ತಾಗುವುದು ಹೇಗೆ?’ ಮೇಲ್ನೋಟಕ್ಕೆ ಇದು ವಿಜ್ಞಾನದ ಪ್ರಶ್ನೆ. ಇದಕ್ಕೆ ವಿಜ್ಞಾನ ಉತ್ತರವನ್ನೂ ಕೊಟ್ಟಿದೆ. ಆದರೂ ಸಮಗ್ರ ಪರೀಕ್ಷಾ ನಿಷೇಧ ಒಪ್ಪಂದ ಇಂದಿಗೂ ಜಾರಿಗೆ ಬಂದಿಲ್ಲ. ಯಾಕೆ ಎಂದು ಹುಡುಕಿಕೊಂಡು ಹೋದರೆ ಇತಿಹಾಸ ಒಂದು ಕಹಿ ಪಾಠವನ್ನು ಹೇಳುತ್ತದೆ.

ಬಿಕಿನಿಯ ಬೂದಿ

1954ರ ಮಾರ್ಚ್ 1ರಂದು ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ಒಂದು ಜಲಜನಕ ಬಾಂಬನ್ನು ಸಿಡಿಸಿತು. ಅದರ ಶಕ್ತಿ 6 ಮೆಗಾಟನ್ ಆಸುಪಾಸಿನಲ್ಲಿರಬಹುದು ಎಂದು ಅದನ್ನು ಕಟ್ಟಿದವರು ಲೆಕ್ಕ ಹಾಕಿದ್ದರು. ಸಿಡಿದದ್ದು 15 ಮೆಗಾಟನ್, ಅಂದರೆ ಹಿರೋಶಿಮಾದ ಬಾಂಬಿಗಿಂತ ಸುಮಾರು ಸಾವಿರ ಪಟ್ಟು. ಹವಳದ ಬಿಳಿ ಬೂದಿ ವಿಕಿರಣವನ್ನು ಹೊತ್ತು ಗಾಳಿಯಲ್ಲಿ ಹರಡಿತು. ರೊಂಗೆಲಾಪ್ ದ್ವೀಪದ ಜನರ ಮೇಲೆ ಬಿತ್ತು. ಅಮೆರಿಕ ಸಾರಿದ್ದ ಅಪಾಯ ವಲಯದ ಹೊರಗೇ ಇದ್ದ ‘ಲಕ್ಕಿ ಡ್ರಾಗನ್’ ಎಂಬ ಜಪಾನೀ ಮೀನುಗಾರಿಕೆ ದೋಣಿಯ 23 ಮಂದಿಯ ಮೇಲೂ ಬಿತ್ತು. ದೋಣಿಯ ರೇಡಿಯೋ ನಿರ್ವಾಹಕ ಐಕಿಚಿ ಕುಬೊಯಾಮ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು.

ಈ ಸುದ್ದಿ ಜಗತ್ತನ್ನು ನಡುಗಿಸಿತು. ಏಪ್ರಿಲ್ 2ರಂದು ನಮ್ಮ ಲೋಕಸಭೆಯಲ್ಲಿ ಮಾತನಾಡಿದ ಜವಾಹರಲಾಲ್ ನೆಹರೂ, ಪೂರ್ಣ ನಿರಸ್ತ್ರೀಕರಣ ಆಗುವವರೆಗೆ ಕಾಯದೆ ಪರೀಕ್ಷಾ ಸ್ಫೋಟಗಳನ್ನಾದರೂ ಇದ್ದಲ್ಲಿಗೇ ನಿಲ್ಲಿಸುವ ಒಡಂಬಡಿಕೆ ಆಗಲಿ ಎಂದು ಕೇಳಿದರು. ಒಂದು ದೇಶದ ಪ್ರಧಾನಿ ಇಂಥ ಬೇಡಿಕೆಯನ್ನು ಜಗತ್ತಿನ ಮುಂದಿಟ್ಟದ್ದು ಅದೇ ಮೊದಲು. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳೋಣ, ಮುಂದೆ ಬೇಕಾಗುತ್ತದೆ.

ವಿಜ್ಞಾನಿಗಳೂ ಸುಮ್ಮನಿರಲಿಲ್ಲ. 1955ರ ಜುಲೈನಲ್ಲಿ ಬರ್ಟ್ರಂಡ್ ರಸೆಲ್ ಮತ್ತು ಆಲ್ಬರ್ಟ್ ಐನ್‌ಸ್ಟೈನ್ ಹೆಸರಿನ ಪ್ರಣಾಳಿಕೆ ಹೊರಬಂತು. ಐನ್‌ಸ್ಟೈನ್ ಅದಕ್ಕೆ ಸಹಿ ಹಾಕಿದ್ದು ತಮ್ಮ ಕೊನೆಯ ದಿನಗಳಲ್ಲಿ. ಎರಡು ವರ್ಷಗಳ ನಂತರ ಕೆನಡಾದ ಪಗ್‌ವಾಶ್ ಎಂಬ ಸಣ್ಣ ಊರಿನಲ್ಲಿ ಎರಡೂ ಬಣಗಳ ವಿಜ್ಞಾನಿಗಳು ಒಂದೇ ಮೇಜಿನ ಸುತ್ತ ಕೂತರು. ಬಾಂಬ್ ಯೋಜನೆಯಿಂದ ಅರ್ಧದಲ್ಲೇ ಹೊರನಡೆದಿದ್ದ ಜೋಸೆಫ್ ರೋಟ್‌ಬ್ಲಾಟ್ ಆ ಚಳವಳಿಯ ಜೀವಾಳವಾದರು. 1958ರ ಜನವರಿಯಲ್ಲಿ ಲೈನಸ್ ಪಾಲಿಂಗ್ ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು 9,235 ವಿಜ್ಞಾನಿಗಳು ಸಹಿ ಮಾಡಿದ ಮನವಿಯನ್ನು ವಿಶ್ವಸಂಸ್ಥೆಗೆ ಸಲ್ಲಿಸಿದರು.

ಅದೇ ವರ್ಷದ ಕೊನೆಯಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಇನ್ನೊಂದು ಕೆಲಸ ಆರಂಭವಾಯಿತು. ನಮ್ಮ ಹಳ್ಳಿಗಳಲ್ಲಿ ಮಕ್ಕಳ ಹಾಲುಹಲ್ಲು ಬಿದ್ದರೆ ಸಗಣಿಯಲ್ಲಿಟ್ಟು ಮಾಡಿನ ಮೇಲೆ ಎಸೆಯುವ ಪದ್ಧತಿ ಇತ್ತು. ಅಲ್ಲಿನ ತಾಯಂದಿರು ತಮ್ಮ ಮಕ್ಕಳ ಹಾಲುಹಲ್ಲುಗಳನ್ನು ಲಕೋಟೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಿದರು. ಬಾಂಬಿನ ಬೂದಿಯಲ್ಲಿರುವ ಸ್ಟ್ರಾಂಷಿಯಂ-90 ಎಂಬ ವಿಕಿರಣ ವಸ್ತು ಹುಲ್ಲಿನಿಂದ ಹಸುವಿಗೆ, ಹಸುವಿನ ಹಾಲಿನಿಂದ ಮಗುವಿಗೆ ದಾಟುತ್ತದೆ. ಅದು ಸುಣ್ಣದಂಶದ ಜಾತಿಗೆ ಸೇರಿದ್ದರಿಂದ ಎಲುಬು-ಹಲ್ಲುಗಳಲ್ಲಿ ಮನೆ ಮಾಡುತ್ತದೆ. ವೈದ್ಯೆ ಲೂಯೀಸ್ ರೀಸ್ ಮುನ್ನಡೆಸಿದ ಈ ಅಧ್ಯಯನಕ್ಕೆ 1970ರೊಳಗೆ ಸುಮಾರು ಮೂರು ಲಕ್ಷ ಹಲ್ಲುಗಳು ಬಂದವು. ಪರೀಕ್ಷೆಗಳು ಹೆಚ್ಚಿದಂತೆ ಮಕ್ಕಳ ಹಲ್ಲಿನಲ್ಲಿ ಸ್ಟ್ರಾಂಷಿಯಂ ಕೂಡ ಹೆಚ್ಚಿದ್ದನ್ನು ಅದು ತೋರಿಸಿಕೊಟ್ಟಿತು. ಆಕಾಶದಲ್ಲಿ ಸಿಡಿದ ಬಾಂಬಿನ ಲೆಕ್ಕ ಮಗುವಿನ ಬಾಯಲ್ಲಿ ಸಿಕ್ಕಿತ್ತು.

ಪರೀಕ್ಷೆಗಳನ್ನು ನಿಲ್ಲಿಸಿ ಎಂಬ ಒತ್ತಡ ತಡೆಯಲಾಗದಷ್ಟಾದಾಗ ಬಾಂಬಿನ ಪರವಾಗಿದ್ದವರು ಒಂದು ಹೊಸ ದಾರಿ ಹುಡುಕಿದರು: ನೆಲದಡಿಯ ಸ್ಫೋಟ.

250 ಮೈಲಿಯ ಸುಳ್ಳು

1957ರ ಸೆಪ್ಟೆಂಬರ್ 19ರಂದು ನೆವಾಡಾ ಮರುಭೂಮಿಯ ಒಂದು ಗುಡ್ಡದೊಳಗೆ 1.7 ಕಿಲೋಟನ್‌ನ ಬಾಂಬನ್ನು ಸಿಡಿಸಲಾಯಿತು. ಅದರ ಹೆಸರು ‘ರೇನಿಯರ್’. ಬೂದಿ ಹೊರಬರಲಿಲ್ಲ, ಮೋಡ ಏಳಲಿಲ್ಲ. ಹಾಗಾದರೆ ಸೋವಿಯತ್ ಒಕ್ಕೂಟವೂ ಹೀಗೆಯೇ ನೆಲದಡಿ ಅಡಗಿ ಸಿಡಿಸಿದರೆ ಅಮೆರಿಕಕ್ಕೆ ತಿಳಿಯುತ್ತದೆಯೇ? ತಿಳಿಯುವುದಿಲ್ಲ, ಆದ್ದರಿಂದ ನಿಷೇಧ ಒಪ್ಪಂದ ಬೇಡ ಎಂದು ಎಡ್ವರ್ಡ್ ಟೆಲ್ಲರ್‌ರಂಥವರು ವಾದಿಸಿದರು. 1958ರ ಮಾರ್ಚ್‌ನಲ್ಲಿ ಅಮೆರಿಕದ ಅಣುಶಕ್ತಿ ಆಯೋಗ ಒಂದು ಹೇಳಿಕೆ ಕೊಟ್ಟಿತು. ರೇನಿಯರ್‌ನ ಕಂಪನ 250 ಮೈಲಿಗಿಂತ ಆಚೆ ದಾಖಲಾಗಿಲ್ಲ ಎಂದು ಅದರಲ್ಲಿತ್ತು.

ಐ.ಎಫ್. ಸ್ಟೋನ್ ಎಂಬ ಪತ್ರಕರ್ತ ವಾಷಿಂಗ್ಟನ್‌ನಿಂದ ತಾವೊಬ್ಬರೇ ಬರೆದು, ತಾವೇ ಹೊರತರುತ್ತಿದ್ದ ನಾಲ್ಕು ಪುಟಗಳ ವಾರಪತ್ರಿಕೆಯೊಂದನ್ನು ನಡೆಸುತ್ತಿದ್ದರು. ಸ್ಫೋಟವಾದ ಮರುದಿನದ ದಿನಪತ್ರಿಕೆಯಲ್ಲಿ ದೂರದ ದೇಶಗಳಲ್ಲೂ ಕಂಪನ ದಾಖಲಾದ ಬಗ್ಗೆ ಸಣ್ಣ ಸುದ್ದಿಗಳಿದ್ದದ್ದು ಅವರಿಗೆ ನೆನಪಿತ್ತು. ಅವರು ನೇರವಾಗಿ ಸರ್ಕಾರದ್ದೇ ಭೂಮಾಪನ ಇಲಾಖೆಯ ಭೂಕಂಪಶಾಸ್ತ್ರಜ್ಞರ ಬಳಿ ಹೋಗಿ ವಿಚಾರಿಸಿದರು. ಕಂಪನವನ್ನು ದಾಖಲಿಸಿದ ಕೇಂದ್ರಗಳ ಪಟ್ಟಿಯೇ ಅಲ್ಲಿತ್ತು. ಅದರಲ್ಲಿ 2,300 ಮೈಲಿ ದೂರದ ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಕೂಡ ಇತ್ತು. ವಿಷಯ ಬಯಲಾಗುತ್ತಿದ್ದಂತೆ ಆಯೋಗ ತನ್ನ ಹೇಳಿಕೆಯನ್ನು ತಿದ್ದಿಕೊಂಡಿತು, ಕಣ್ತಪ್ಪಿನಿಂದ ಆಗಿದೆ ಎಂದಿತು. ಆ ಕಣ್ತಪ್ಪು ಯಾರ ವಾದಕ್ಕೆ ಅನುಕೂಲವಾಗಿತ್ತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಸ್ಫೋಟವನ್ನು ಭೂಕಂಪದಿಂದ ಬೇರೆ ಮಾಡಿ ಗುರುತಿಸುವುದು ಹೇಗೆ? ಭೂಕಂಪವಾದಾಗ ನೆಲದಾಳದ ಬಂಡೆಗಳು ಒಂದರ ಪಕ್ಕ ಒಂದು ಜಾರುತ್ತವೆ. ಒಂದು ದಿಕ್ಕಿನ ನೆಲವನ್ನು ತಳ್ಳಿದರೆ ಇನ್ನೊಂದು ದಿಕ್ಕಿನ ನೆಲವನ್ನು ಎಳೆಯುತ್ತವೆ. ಬಾಂಬ್ ಹಾಗಲ್ಲ, ಎಲ್ಲ ದಿಕ್ಕಿಗೂ ತಳ್ಳುತ್ತದೆ. ಭೂಕಂಪದಲ್ಲಿ ನೆಲದ ಮೇಲ್ಪದರದಲ್ಲಿ ಹರಿಯುವ ನಿಧಾನ ಅಲೆಗಳು ದೊಡ್ಡವು. ಸ್ಫೋಟದಲ್ಲಿ ಭೂಗರ್ಭದೊಳಗೆ ಸಾಗುವ ಚುರುಕಾದ ಅಲೆಗಳಿಗೆ ಹೋಲಿಸಿದರೆ ಅವು ಚಿಕ್ಕವು. ಅಲ್ಲದೆ ಎಷ್ಟೋ ಭೂಕಂಪಗಳು ಹತ್ತಾರು ಕಿಲೋಮೀಟರ್ ಆಳದಲ್ಲಿ ಹುಟ್ಟುತ್ತವೆ. ಅಷ್ಟು ಆಳಕ್ಕೆ ಬಾಂಬನ್ನು ಇಳಿಸಲು ಯಾವ ದೇಶಕ್ಕೂ ಸಾಧ್ಯವಿಲ್ಲ. ಈ ಲಕ್ಷಣಗಳನ್ನು ಒಟ್ಟಿಗೆ ನೋಡಿದರೆ ಎರಡನ್ನೂ ಬೇರ್ಪಡಿಸಬಹುದು. ಸ್ಫೋಟ ಚಿಕ್ಕದಾದಷ್ಟೂ ಕೆಲಸ ಕಷ್ಟ, ಅಷ್ಟೆ.

ಮೂರೋ ಏಳೋ

1958ರ ಜುಲೈ ಮತ್ತು ಆಗಸ್ಟ್‌ನಲ್ಲಿ ಜಿನೀವಾದಲ್ಲಿ ಎರಡೂ ಬಣಗಳ ತಜ್ಞರು ಸೇರಿದರು. ಅದು ರಾಜಕಾರಣಿಗಳ ಸಭೆಯಲ್ಲ, ಬರೀ ತಾಂತ್ರಿಕ ಸಭೆ ಎಂದೇ ಕರೆಯಲಾಯಿತು. ಜಗತ್ತಿನಾದ್ಯಂತ ನೆಲದ ಮೇಲೆ 160ರಿಂದ 170 ಕೇಂದ್ರಗಳು, ಸಮುದ್ರದಲ್ಲಿ ಹತ್ತು ಹಡಗುಗಳು ಇದ್ದರೆ 5 ಕಿಲೋಟನ್‌ವರೆಗಿನ ಸ್ಫೋಟಗಳನ್ನು ಪತ್ತೆ ಹಚ್ಚಬಹುದು ಎಂದು ಅವರು ಒಮ್ಮತಕ್ಕೆ ಬಂದರು. ಅಕ್ಟೋಬರ್ 31ರಂದು ಮಾತುಕತೆ ಶುರುವಾಯಿತು. ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್ ಮೂರೂ ಪರೀಕ್ಷೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿದವು. ಗುರಿ ಕೈಗೆಟಕುವಷ್ಟು ಹತ್ತಿರವಾದಂತೆ ಕಂಡಿತು.

ಅಷ್ಟರಲ್ಲಿ ಹೊಸ ಅನುಮಾನಗಳು ಬಂದವು. ನೆವಾಡಾದ ಹೊಸ ಸ್ಫೋಟಗಳ ಲೆಕ್ಕ ನೋಡಿದರೆ ಪತ್ತೆ ಹಚ್ಚುವುದು ಅಂದುಕೊಂಡದ್ದಕ್ಕಿಂತ ಕಷ್ಟ ಎಂದು 1959ರ ಜನವರಿಯಲ್ಲಿ ಅಮೆರಿಕ ಹೇಳಿತು. ಆಲ್ಬರ್ಟ್ ಲಾಟರ್ ಎಂಬ ವಿಜ್ಞಾನಿ ಇನ್ನೊಂದು ಸಾಧ್ಯತೆ ಮುಂದಿಟ್ಟರು. ನೆಲದಾಳದಲ್ಲಿ ಬಹುದೊಡ್ಡ ಪೊಳ್ಳು ಕೊರೆದು ಅದರ ನಡುವೆ ಬಾಂಬ್ ಸಿಡಿಸಿದರೆ ಕಂಪನ ಹಲವು ಪಟ್ಟು ಕುಗ್ಗುತ್ತದೆ ಎಂಬುದು ಅವರ ಲೆಕ್ಕ. ತತ್ವ ಸರಿಯೇ ಇತ್ತು. 1966ರಲ್ಲಿ ಮಿಸಿಸಿಪ್ಪಿಯ ಉಪ್ಪಿನ ಪದರದಲ್ಲಿ ನಡೆದ ಪ್ರಯೋಗ ಅದನ್ನು ಸಾಬೀತುಪಡಿಸಿತು. ಆದರೆ ದೊಡ್ಡ ಬಾಂಬೊಂದನ್ನು ಹಾಗೆ ಅಡಗಿಸಲು ಗುಡ್ಡದಷ್ಟು ಮಣ್ಣು-ಕಲ್ಲು ಹೊರತೆಗೆಯಬೇಕು. ಅದನ್ನು ಯಾರ ಕಣ್ಣಿಗೂ ಬೀಳದಂತೆ ಮಾಡುವುದು ಹೇಗೆ ಎಂಬ ಸರಳ ಪ್ರಶ್ನೆಗೆ ಆಗ ಹೆಚ್ಚು ಬೆಲೆ ಸಿಗಲಿಲ್ಲ.

ಇಲ್ಲಿ ವಿಜ್ಞಾನಿಗಳನ್ನು ಕುರುಡಾಗಿ ಹೊಗಳುವಂತಿಲ್ಲ. ಎದುರಾಳಿ ಹೇಗೆಲ್ಲ ವಂಚಿಸಬಹುದು ಎಂದು ಕಲ್ಪಿಸುವುದಕ್ಕೆ ಕೊನೆಯಿಲ್ಲ. ಒಂದು ತೂತು ಮುಚ್ಚಿದರೆ ಇನ್ನೊಂದು ತೂತನ್ನು ಊಹಿಸಬಹುದು. ನೂರಕ್ಕೆ ನೂರು ಖಾತ್ರಿ ಕೊಡಿ ಎಂದು ಕೇಳುವವನಿಗೆ ಯಾವ ಉಪಕರಣವೂ ಸಾಲದು.

1961ರ ಸೆಪ್ಟೆಂಬರ್ 1ರಂದು ಸೋವಿಯತ್ ಒಕ್ಕೂಟ ಮತ್ತೆ ಪರೀಕ್ಷೆ ಆರಂಭಿಸಿತು, ಅಮೆರಿಕವೂ ಹಿಂಬಾಲಿಸಿತು. 1962ರ ಅಕ್ಟೋಬರ್‌ನಲ್ಲಿ ಕ್ಯೂಬಾ ಬಿಕ್ಕಟ್ಟು ಜಗತ್ತನ್ನು ಅಣುಯುದ್ಧದ ಅಂಚಿಗೆ ಒಯ್ದು ನಿಲ್ಲಿಸಿದ ಮೇಲೆ ಕೆನಡಿ ಮತ್ತು ಕ್ರುಶ್ಚೇವ್ ಇಬ್ಬರಿಗೂ ಭಯ ಹುಟ್ಟಿತು. ಮಾತುಕತೆ ಮತ್ತೆ ಚುರುಕಾಯಿತು. ಅನುಮಾನಾಸ್ಪದ ಕಂಪನವಾದಾಗ ಆ ದೇಶದೊಳಗೇ ಹೋಗಿ ಸ್ಥಳ ಪರಿಶೀಲಿಸುವ ಹಕ್ಕು ವರ್ಷಕ್ಕೆ ಎಷ್ಟು ಸಲ ಇರಬೇಕು ಎಂಬಲ್ಲಿಗೆ ಎಲ್ಲವೂ ಬಂದು ನಿಂತಿತು. ಎರಡು ಅಥವಾ ಮೂರು ಸಲ ಎಂದರು ಕ್ರುಶ್ಚೇವ್. ಇಪ್ಪತ್ತರಿಂದ ಇಳಿಯುತ್ತ ಬಂದ ಅಮೆರಿಕ ಏಳರಲ್ಲಿ ನಿಂತಿತು. ಮೂರಕ್ಕೂ ಏಳಕ್ಕೂ ನಡುವಿನ ಈ ಅಂತರ ಮುಚ್ಚಲೇ ಇಲ್ಲ. ತಮ್ಮ ನೆಲದೊಳಗೆ ಗೂಢಚಾರರು ಬರುತ್ತಾರೆಂಬ ಭಯ ಮಾಸ್ಕೋಗೆ. ಒಪ್ಪಂದವನ್ನು ಸೆನೆಟ್ ತಿರಸ್ಕರಿಸುತ್ತದೆಂಬ ಭಯ ವಾಷಿಂಗ್ಟನ್‌ಗೆ.

ಕೊನೆಗೆ 1963ರ ಆಗಸ್ಟ್ 5ರಂದು ಮಾಸ್ಕೋದಲ್ಲಿ ಭಾಗಶಃ ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಸಹಿ ಬಿತ್ತು. ಆಕಾಶದಲ್ಲಿ, ನೀರಿನಡಿಯಲ್ಲಿ, ಬಾಹ್ಯಾಕಾಶದಲ್ಲಿ ಸ್ಫೋಟ ನಿಷಿದ್ಧ. ನೆಲದಡಿ ಮಾತ್ರ ಮುಕ್ತ. ಹಾಲಿನಲ್ಲಿ ಸ್ಟ್ರಾಂಷಿಯಂ ಕಡಿಮೆಯಾಯಿತು, ಅದು ಸಣ್ಣ ಗೆಲುವಲ್ಲ. ಆದರೆ ಬೂದಿ ಕಣ್ಣಿಗೆ ಬೀಳದಂತಾದ ಮೇಲೆ ಜನರ ಆಕ್ರೋಶವೂ ತಣ್ಣಗಾಯಿತು. ಬಾಂಬುಗಳು ಮಾತ್ರ ನಿಲ್ಲಲಿಲ್ಲ. 1945ರಿಂದ ಜಗತ್ತಿನಲ್ಲಿ ನಡೆದ ಎರಡು ಸಾವಿರಕ್ಕೂ ಹೆಚ್ಚು ಅಣುಪರೀಕ್ಷೆಗಳಲ್ಲಿ ಸುಮಾರು 1,500 ನಡೆದದ್ದು ನೆಲದಡಿಯಲ್ಲಿ, ಬಹುಪಾಲು ಈ ಒಪ್ಪಂದದ ನಂತರ.

ಗೌರಿಬಿದನೂರಿನ ಕಿವಿ

ಈ ಜಗಳದಿಂದ ಒಂದು ಒಳ್ಳೆಯದೂ ಆಯಿತು. ಅಲ್ಲಿಯವರೆಗೆ ಭೂಕಂಪಶಾಸ್ತ್ರ ಹಣಕಾಸಿಲ್ಲದ ಬಡ ವಿಜ್ಞಾನವಾಗಿತ್ತು. ‘ಪತ್ತೆ ಹಚ್ಚಬಹುದೇ’ ಎಂಬ ಪ್ರಶ್ನೆ ಅದರ ಬಾಗಿಲಿಗೆ ಬಂದಾಗ ಹಣವೂ ಬಂತು. 1960ರ ದಶಕದ ಆರಂಭದಲ್ಲಿ ಅಮೆರಿಕ ಸುಮಾರು 60 ದೇಶಗಳಲ್ಲಿ ಒಂದೇ ಬಗೆಯ ಉಪಕರಣಗಳುಳ್ಳ 120ರಷ್ಟು ಕೇಂದ್ರಗಳನ್ನು ಕಟ್ಟಿಸಿತು. ಭಾರತದಲ್ಲಿ ದೆಹಲಿ, ಪುಣೆ, ಶಿಲ್ಲಾಂಗ್, ಕೊಡೈಕನಾಲ್‌ಗಳಲ್ಲಿ ಅವು ಇದ್ದವು. ಬಾಂಬಿನ ಸದ್ದು ಕೇಳಲು ಇಟ್ಟ ಆ ಕೇಂದ್ರಗಳು ಭೂಕಂಪಗಳ ನಿಖರ ನಕ್ಷೆಯನ್ನು ಕೊಟ್ಟವು. ಭೂಮಿಯ ಚಿಪ್ಪು ಹಲವು ಫಲಕಗಳಾಗಿ ಒಡೆದು ಚಲಿಸುತ್ತಿದೆ ಎಂಬ ಸಿದ್ಧಾಂತಕ್ಕೆ ಆ ನಕ್ಷೆ ದೊಡ್ಡ ಆಧಾರವಾಯಿತು.

ಬ್ರಿಟನ್ನಿನ ವಿಜ್ಞಾನಿಗಳು ಬೇರೆ ದಾರಿ ಹಿಡಿದರು. ಎದುರಾಳಿಯ ಅಂಗಳದಲ್ಲಿ ಕೇಂದ್ರ ಕಟ್ಟಲು ಬಿಡದಿದ್ದರೆ ದೂರದಿಂದಲೇ ಚೆನ್ನಾಗಿ ಕೇಳಿಸಿಕೊಳ್ಳಬಹುದಲ್ಲ ಎಂಬುದು ಅವರ ಯೋಚನೆ. ಒಂದೇ ಮಾಪಕದ ಬದಲು ಇಪ್ಪತ್ತು ಮಾಪಕಗಳನ್ನು ಹಲವು ಕಿಲೋಮೀಟರ್ ಉದ್ದದ ಎರಡು ಸಾಲುಗಳಲ್ಲಿ ಹರಡಿ ಇಡುವುದು. ದೂರದ ಅಲೆ ಒಂದೊಂದು ಮಾಪಕವನ್ನೂ ಕ್ಷಣದ ಅಂತರದಲ್ಲಿ ತಲುಪುತ್ತದೆ. ಆ ಅಂತರವನ್ನು ಸರಿಹೊಂದಿಸಿ ಇಪ್ಪತ್ತೂ ದಾಖಲೆಗಳನ್ನು ಕೂಡಿಸಿದರೆ ನಿಜವಾದ ಅಲೆ ಇಪ್ಪತ್ತು ಪಟ್ಟಾಗುತ್ತದೆ. ಆದರೆ ಗಾಳಿ, ಲಾರಿ, ಮರಗಳ ಅಲುಗಾಟದಿಂದ ಬರುವ ಗದ್ದಲ ಒಂದಕ್ಕೊಂದು ತಾಳೆಯಾಗದೆ ನಾಲ್ಕೂವರೆ ಪಟ್ಟಿನಷ್ಟು ಮಾತ್ರ ಬೆಳೆಯುತ್ತದೆ. ಸಂತೆಯ ಗದ್ದಲದಲ್ಲಿ ಒಬ್ಬನ ಮಾತು ಹೆಕ್ಕಿ ಕೇಳಿದಂತೆ ಇದು. ಅಷ್ಟೇ ಅಲ್ಲ, ಅಂತರಗಳನ್ನು ನೋಡಿ ಅಲೆ ಬಂದ ದಿಕ್ಕನ್ನೂ ಹೇಳಬಹುದು.

ಇಂಥ ನಾಲ್ಕು ಕೇಂದ್ರಗಳು ಎದ್ದವು. 1962ರಲ್ಲಿ ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್ ಮತ್ತು ಕೆನಡಾದ ಯೆಲ್ಲೋನೈಫ್. 1965ರಲ್ಲಿ ಆಸ್ಟ್ರೇಲಿಯಾದ ವಾರಮುಂಗ ಮತ್ತು ನಮ್ಮ ಗೌರಿಬಿದನೂರು. ದಕ್ಷಿಣದ ಪ್ರಸ್ಥಭೂಮಿಯ ಹಳೆಯ ಗಟ್ಟಿ ಕಲ್ಲು ಕಂಪನವನ್ನು ಸ್ವಚ್ಛವಾಗಿ ಸಾಗಿಸುತ್ತದೆ, ಸಮುದ್ರದ ಅಲೆಗಳ ಗದ್ದಲವೂ ಕಡಿಮೆ. ಭಾರತದ ಅಣುಶಕ್ತಿ ಇಲಾಖೆ ಮತ್ತು ಬ್ರಿಟನ್ನಿನ ಸಹಕಾರದಲ್ಲಿ ಶುರುವಾದ ಈ ಕೇಂದ್ರವನ್ನು ಭಾಭಾ ಅಣುಸಂಶೋಧನಾ ಕೇಂದ್ರ ನಡೆಸಿಕೊಂಡು ಬಂದಿದೆ.

ಕಲ್ಲಿನ ಸಾಕ್ಷಿ

ಅನುಮಾನಕ್ಕೆ ವಿಜ್ಞಾನದ ಉತ್ತರ ಎಷ್ಟು ಸ್ಪಷ್ಟವಾಗಿರಬಲ್ಲದು ಎಂಬುದಕ್ಕೆ 1980ರ ದಶಕದ ಒಂದು ಪ್ರಸಂಗ ಸಾಕು. 1974ರಲ್ಲಿ ಎರಡು ಮಹಾಶಕ್ತಿಗಳು 150 ಕಿಲೋಟನ್‌ಗಿಂತ ದೊಡ್ಡ ಭೂಗತ ಸ್ಫೋಟ ಮಾಡುವುದಿಲ್ಲವೆಂದು ಒಪ್ಪಿದ್ದವು. ಆದರೆ ಸೋವಿಯತ್ ಒಕ್ಕೂಟ ಈ ಮಿತಿಯನ್ನು ಮೀರುತ್ತಿದೆ ಎಂದು ರೇಗನ್ ಸರ್ಕಾರ ಆರೋಪಿಸಿತು. ಕಂಪನದ ಪ್ರಮಾಣವೇ ಅದಕ್ಕೆ ಆಧಾರ. ಲಿನ್ ಸೈಕ್ಸ್, ಜಾಕ್ ಎವರ್ನ್‌ಡನ್ ಮುಂತಾದ ಅಮೆರಿಕದ ಭೂಕಂಪಶಾಸ್ತ್ರಜ್ಞರೇ ಇದನ್ನು ಒಪ್ಪಲಿಲ್ಲ. ನೆವಾಡಾದ ನೆಲದಾಳ ಬಿಸಿ ಮತ್ತು ಮೆತು, ಅದು ಕಂಪನವನ್ನು ಹೀರುತ್ತದೆ. ಕಜಕಸ್ತಾನದ ಸೆಮಿಪಲಾಟಿನ್ಸ್ಕ್‌ನ ನೆಲದಾಳ ತಂಪು ಮತ್ತು ಗಟ್ಟಿ. ಒಂದೇ ಗಾತ್ರದ ಬಾಂಬ್ ಅಲ್ಲಿ ಸಿಡಿದರೆ ಹೆಚ್ಚು ಸದ್ದು ಕೇಳಿಸುತ್ತದೆ. ನೆವಾಡಾದ ಅಳತೆಗೋಲನ್ನು ಕಜಕಸ್ತಾನಕ್ಕೆ ಹಚ್ಚಿದ್ದೇ ತಪ್ಪು ಎಂದು ಅವರು ವಾದಿಸಿದರು. 1988ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಎರಡೂ ದೇಶಗಳ ತಜ್ಞರು ಒಬ್ಬರ ಪರೀಕ್ಷಾ ಸ್ಥಳಕ್ಕೆ ಇನ್ನೊಬ್ಬರು ಹೋಗಿ ಸ್ಫೋಟವನ್ನು ಹತ್ತಿರದಿಂದ ಅಳೆದರು. ಭೂಕಂಪಶಾಸ್ತ್ರಜ್ಞರ ಮಾತಿಗೆ ಆ ಅಳತೆಗಳು ಬಲ ಕೊಟ್ಟವು. ಕಲ್ಲಿನ ಗುಣವನ್ನು ಮನುಷ್ಯನ ಮೋಸವೆಂದು ಓದಲಾಗಿತ್ತು.

ಇದಕ್ಕೂ ಮೊದಲು, 1986ರ ಬೇಸಿಗೆಯಲ್ಲಿ, ಸರ್ಕಾರಗಳು ಮಾಡದ ಕೆಲಸವನ್ನು ಖಾಸಗಿಯವರು ಮಾಡಿದ್ದರು. ಅಮೆರಿಕದ ಪರಿಸರ ಸಂಘಟನೆಯೊಂದು ಸೋವಿಯತ್ ವಿಜ್ಞಾನ ಅಕಾಡೆಮಿಯೊಡನೆ ಒಪ್ಪಂದ ಮಾಡಿಕೊಂಡಿತು. ಥಾಮಸ್ ಕಾಕ್ರನ್ ಮತ್ತು ಯೆವ್‌ಗೆನಿ ವೆಲಿಖೊವ್ ಇದರ ಹಿಂದಿದ್ದವರು. ಅಮೆರಿಕದ ವಿಜ್ಞಾನಿಗಳು ತಮ್ಮ ಪೆಟ್ಟಿಗೆಗಳನ್ನು ಹೊತ್ತು ಹೋಗಿ ಸೆಮಿಪಲಾಟಿನ್ಸ್ಕ್ ಪರೀಕ್ಷಾ ವಲಯದ ಹತ್ತಿರದ ಕರ್ಕರಾಲಿನ್ಸ್ಕ್‌ನಲ್ಲಿ ಮಾಪಕಗಳನ್ನು ನೆಟ್ಟರು. ಕೆನಡಿ-ಕ್ರುಶ್ಚೇವ್ ಕಾಲದಲ್ಲಿ ಮೂರೋ ಏಳೋ ಎಂದು ಕಾದಾಡಿದ ವಿಷಯ ಇಷ್ಟು ಸುಲಭವಾಗಿ ಬಗೆಹರಿಯಬಹುದಿತ್ತೇ ಎಂದು ಅನೇಕರು ಬೆರಗಾದರು.

ಆ ಬಯಲಿನ ಜನರ ಪಾಡು ಏನಾಗಿತ್ತು ಎಂಬುದನ್ನೂ ಹೇಳಬೇಕು. 1949ರಿಂದ 1989ರವರೆಗೆ ಅಲ್ಲಿ 456 ಪರೀಕ್ಷೆಗಳು ನಡೆದಿದ್ದವು. ಸುತ್ತಲಿನ ಹಳ್ಳಿಗಳ ಕಜಕ್ ಕುರಿಗಾಹಿಗಳಿಗೆ ವಿಕಿರಣದ ಬಗ್ಗೆ ಯಾರೂ ಹೇಳಿರಲಿಲ್ಲ. ಅವರ ಆರೋಗ್ಯವನ್ನು ಪರೀಕ್ಷಿಸಲು 1957ರಲ್ಲಿ ತೆರೆದ ಕೇಂದ್ರಕ್ಕೆ ದನಕರುಗಳಿಂದ ಹರಡುವ ಜ್ವರದ ಚಿಕಿತ್ಸಾಲಯ ಎಂಬ ಹೆಸರಿಡಲಾಗಿತ್ತು. ಅಲ್ಲಿನ ವೈದ್ಯರು ಅಳೆದರು, ಬರೆದಿಟ್ಟರು. ಅಳತೆಗೆ ಒಳಗಾದವರಿಗೆ ಮಾತ್ರ ತಿಳಿಸಲಿಲ್ಲ. ಅದೂ ವಿಜ್ಞಾನವೇ. 1989ರ ಫೆಬ್ರವರಿಯಲ್ಲಿ ಕವಿ ಓಲ್ಜಾಸ್ ಸುಲೈಮೆನೊವ್ ಟಿ.ವಿ.ಯಲ್ಲಿ ಕವಿತೆ ಓದಬೇಕಿತ್ತು. ಅದನ್ನು ಬದಿಗಿಟ್ಟು ಅವರು ಭೂಗತ ಸ್ಫೋಟಗಳಿಂದ ಸೋರಿದ ವಿಕಿರಣದ ಬಗ್ಗೆ ಮಾತನಾಡಿ ಜನರನ್ನು ಸಭೆಗೆ ಕರೆದರು. ಅಲ್ಲಿ ಹುಟ್ಟಿದ ‘ನೆವಾಡಾ-ಸೆಮಿಪಲಾಟಿನ್ಸ್ಕ್’ ಚಳವಳಿಯ ಒತ್ತಡಕ್ಕೆ ಅದೇ ವರ್ಷ ಪರೀಕ್ಷೆಗಳು ನಿಂತವು. 1991ರ ಆಗಸ್ಟ್ 29ರಂದು ಆ ಪರೀಕ್ಷಾ ಸ್ಥಳವನ್ನು ಮುಚ್ಚಲಾಯಿತು.

ವಿಯೆನ್ನಾದ ಜಾಲ

ಜಿನೀವಾದ ನಿರಸ್ತ್ರೀಕರಣ ಸಮ್ಮೇಳನದ ಆಶ್ರಯದಲ್ಲಿ, ಸ್ವೀಡನ್ನಿನ ಮುತುವರ್ಜಿಯಿಂದ 1976ರಲ್ಲಿ ವಿಜ್ಞಾನಿಗಳ ತಂಡವೊಂದು ರಚನೆಯಾಗಿತ್ತು. ರಾಜಕೀಯ ಮಾತುಕತೆ ನಿಂತುಹೋದ ವರ್ಷಗಳಲ್ಲೂ ಅವರು ಸೇರುತ್ತಲೇ ಇದ್ದರು. ದೇಶದೇಶಗಳ ಕಂಪನ ದಾಖಲೆಗಳನ್ನು ಹಂಚಿಕೊಳ್ಳುವ ಪ್ರಯೋಗಗಳನ್ನು 1984, 1991 ಮತ್ತು 1995ರಲ್ಲಿ ನಡೆಸಿದರು. ಒಪ್ಪಂದದ ಸಮಯ ಬಂದಾಗ ಅದರ ಯಂತ್ರಾಂಗ ಹೆಚ್ಚುಕಡಿಮೆ ಸಿದ್ಧವಾಗಿತ್ತು. 1996ರ ಸೆಪ್ಟೆಂಬರ್ 10ರಂದು ವಿಶ್ವಸಂಸ್ಥೆಯ ಮಹಾಸಭೆ ಸಮಗ್ರ ಪರೀಕ್ಷಾ ನಿಷೇಧ ಒಪ್ಪಂದವನ್ನು, ಅಂದರೆ ಸಿ.ಟಿ.ಬಿ.ಟಿ.ಯನ್ನು, ಅಂಗೀಕರಿಸಿತು. ಪರವಾಗಿ 158 ಮತ, ವಿರೋಧವಾಗಿ ಮೂರು. ಆ ಮೂರರಲ್ಲಿ ಒಂದು ಭಾರತದ್ದು, ಉಳಿದೆರಡು ಭೂತಾನ್ ಮತ್ತು ಲಿಬಿಯಾದ್ದು.

1954ರಲ್ಲಿ ನಿಲ್ಲಿಸಿ ಎಂದು ಮೊದಲು ಕೇಳಿದ ದೇಶ 1996ರಲ್ಲಿ ಬೇಡವೆಂದಿತು. ಭಾರತದ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಈಗಾಗಲೇ ಸಾವಿರಾರು ಬಾಂಬುಗಳಿರುವವರು ಕಂಪ್ಯೂಟರಿನಲ್ಲಿ ಹೊಸ ಬಾಂಬುಗಳನ್ನು ರೂಪಿಸಬಹುದು, ಉಳಿದವರು ಮಾತ್ರ ಕೈಕಟ್ಟಿ ಕೂರಬೇಕೇ? ಇಂತಿಷ್ಟು ವರ್ಷದೊಳಗೆ ಎಲ್ಲ ಅಣ್ವಸ್ತ್ರಗಳನ್ನು ನಾಶ ಮಾಡುತ್ತೇವೆ ಎಂಬ ಮಾತು ಒಪ್ಪಂದದಲ್ಲಿ ಏಕಿಲ್ಲ? ಜಿನೀವಾದಲ್ಲಿ ಅರುಂಧತಿ ಘೋಷ್ ಎತ್ತಿದ ಈ ಪ್ರಶ್ನೆಗಳು ನ್ಯಾಯವಾದವೇ. ಆದರೆ ಎರಡೇ ವರ್ಷಗಳಲ್ಲಿ ನಾವು ಮಾಡಿದ್ದೇನು? 1998ರ ಮೇ 11 ಮತ್ತು 13ರಂದು ಪೋಖ್ರಾನ್. ಮೇ 28 ಮತ್ತು 30ರಂದು ಬಲೂಚಿಸ್ತಾನದಲ್ಲಿ ಪಾಕಿಸ್ತಾನದ ಉತ್ತರ. ಎರಡೂ ಕಡೆ ಸಿಹಿ ಹಂಚಲಾಯಿತು.

ಪೋಖ್ರಾನ್‌ನ ಮೊದಲ ಸ್ಫೋಟದ ಕಂಪನವನ್ನು ಇಸ್ಲಾಮಾಬಾದ್ ಬಳಿಯ ನಿಲೋರ್ ಕೇಂದ್ರ ಸ್ಪಷ್ಟವಾಗಿ ದಾಖಲಿಸಿತು. ಪಾಕಿಸ್ತಾನದ ಚಾಗೈ ಬೆಟ್ಟದ ಕಂಪನವನ್ನು ಗೌರಿಬಿದನೂರು ದಾಖಲಿಸಿಕೊಂಡಿತು. ಗಡಿಯ ಬೇಲಿ ನೆಲದ ಮೇಲಷ್ಟೇ ಇದೆ, ಅದರಡಿಯ ಕಲ್ಲು ಒಂದೇ. ಮಾಪಕಗಳು ಮುಜುಗರದ ಮಾತನ್ನೂ ಹೇಳಿದವು. ಮೇ 11ರ ಸ್ಫೋಟಗಳ ಶಕ್ತಿಯ ಬಗ್ಗೆ ಭಾರತ ಹೇಳಿದ ಅಂಕಿಗಿಂತ ಬಹಳ ಕಡಿಮೆ ಎಂದು ಹೊರದೇಶಗಳ ಹಲವು ತಜ್ಞರು ಲೆಕ್ಕ ಹಾಕಿದರು. ನಮ್ಮ ಅಣುವಿಜ್ಞಾನಿಗಳು ಒಪ್ಪಲಿಲ್ಲ. 2009ರಲ್ಲಿ ಆ ಪರೀಕ್ಷೆಗಳಲ್ಲಿ ಭಾಗಿಯಾಗಿದ್ದ ಕೆ. ಸಂತಾನಂ ಅವರೇ ಜಲಜನಕ ಬಾಂಬ್ ನಿರೀಕ್ಷೆಯಷ್ಟು ಸಿಡಿಯಲಿಲ್ಲ ಎಂದಾಗ ವಿವಾದ ಮತ್ತೆ ಎದ್ದಿತು. ಇನ್ನು ಮೇ 13ರ ಪುಟ್ಟ ಸ್ಫೋಟಗಳ ಸುಳಿವು ಅಂತಾರಾಷ್ಟ್ರೀಯ ಜಾಲಕ್ಕೆ ಸಿಗಲೇ ಇಲ್ಲ. ಆ ಜಾಲ ಆಗಿನ್ನೂ ಅರೆಬರೆಯಾಗಿತ್ತು.

ಈಗ ಹಾಗಿಲ್ಲ. ವಿಯೆನ್ನಾದಲ್ಲಿ ಕೇಂದ್ರ ಕಚೇರಿಯುಳ್ಳ ಆ ಜಾಲದ ಯೋಜನೆಯಲ್ಲಿ 321 ಕೇಂದ್ರಗಳು, 16 ಪ್ರಯೋಗಾಲಯಗಳು ಇವೆ. ಬಹುತೇಕ ಎಲ್ಲವೂ ಕೆಲಸ ಮಾಡುತ್ತಿವೆ. 170 ಕೇಂದ್ರಗಳು ನೆಲದ ಕಂಪನವನ್ನು, 11 ಸಮುದ್ರದೊಳಗಿನ ಸದ್ದನ್ನು, 60 ನಮ್ಮ ಕಿವಿಗೆ ನಿಲುಕದ ಗಾಳಿಯಲೆಗಳನ್ನು, 80 ಗಾಳಿಯಲ್ಲಿನ ವಿಕಿರಣ ಕಣಗಳನ್ನು ಗಮನಿಸಲು. 2006ರ ಅಕ್ಟೋಬರ್ 9ರಂದು ಉತ್ತರ ಕೊರಿಯಾ ನಡೆಸಿದ ಮೊದಲ ಪರೀಕ್ಷೆ ಒಂದು ಕಿಲೋಟನ್ ಕೂಡ ಇರಲಿಲ್ಲ. ಆದರೂ ಅದು ಸಿಕ್ಕಿಬಿತ್ತು. ಎರಡು ವಾರಗಳ ನಂತರ ಕೆನಡಾದ ಯೆಲ್ಲೋನೈಫ್‌ನಲ್ಲಿ ಅದರ ಜೆನಾನ್ ಅನಿಲದ ಅಂಶವೂ ಪತ್ತೆಯಾಯಿತು. 2017ರವರೆಗಿನ ಆ ದೇಶದ ಆರೂ ಪರೀಕ್ಷೆಗಳನ್ನು ಈ ಜಾಲ ಗುರುತಿಸಿದೆ. 2004ರ ಸುನಾಮಿಯ ನಂತರ ಅದರ ಮಾಹಿತಿಯನ್ನು ಸುನಾಮಿ ಎಚ್ಚರಿಕೆ ಕೇಂದ್ರಗಳಿಗೆ ಕೊಡಲಾಗುತ್ತಿದೆ. 2011ರಲ್ಲಿ ಫುಕುಶಿಮಾದ ವಿಕಿರಣ ಎಲ್ಲೆಲ್ಲಿಗೆ ಹೋಯಿತೆಂಬುದನ್ನೂ ಅದು ಹಿಂಬಾಲಿಸಿತು.

‘ಪತ್ತೆ ಹಚ್ಚಲಾಗದು’ ಎಂಬ ಹಳೆಯ ನೆಪಕ್ಕೆ ಇಂದು ಬಲವಿಲ್ಲ. ಆದರೂ ಒಪ್ಪಂದ ಜಾರಿಯಾಗಿಲ್ಲ. ಅದು ಜಾರಿಯಾಗಬೇಕಾದರೆ ಹೆಸರಿಸಿದ 44 ದೇಶಗಳೂ ಅನುಮೋದಿಸಬೇಕು. ಭಾರತ, ಪಾಕಿಸ್ತಾನ, ಉತ್ತರ ಕೊರಿಯಾ ಸಹಿಯನ್ನೇ ಹಾಕಿಲ್ಲ. ಅಮೆರಿಕ ಸಹಿ ಹಾಕಿತು, 1999ರ ಅಕ್ಟೋಬರ್‌ನಲ್ಲಿ ಅದರ ಸೆನೆಟ್ ತಿರಸ್ಕರಿಸಿತು. ಚೀನಾ, ಇಸ್ರೇಲ್, ಇರಾನ್, ಈಜಿಪ್ಟ್ ಸಹಿ ಹಾಕಿಯೂ ಅನುಮೋದಿಸಿಲ್ಲ. ಅನುಮೋದಿಸಿದ್ದ ರಷ್ಯಾ 2023ರ ನವೆಂಬರ್‌ನಲ್ಲಿ ಅದನ್ನು ಹಿಂತೆಗೆದುಕೊಂಡಿತು. 2025ರ ಅಕ್ಟೋಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಪರೀಕ್ಷೆಗಳನ್ನು ಮತ್ತೆ ಆರಂಭಿಸುವ ಮಾತಾಡಿದರು.

1962ರಿಂದ 1965ರ ನಡುವೆ ಎದ್ದ ಆ ನಾಲ್ಕು ಕೇಂದ್ರಗಳಲ್ಲಿ ಎಸ್ಕ್‌ಡೇಲ್‌ಮ್ಯೂರ್, ಯೆಲ್ಲೋನೈಫ್, ವಾರಮುಂಗ ಮೂರೂ ಇಂದು ವಿಯೆನ್ನಾದ ಜಾಲದಲ್ಲಿವೆ. ಗೌರಿಬಿದನೂರು ಮಾತ್ರ ಇಲ್ಲ. ಅದರ ಕಿವಿ ಮಂದವಾಗಿದೆ ಎಂದಲ್ಲ. ಅದು ಕೇಳಿಸಿಕೊಂಡದ್ದನ್ನು ಜಗತ್ತಿನೊಡನೆ ಹಂಚಿಕೊಳ್ಳಬೇಕೋ ಬೇಡವೋ ಎಂಬುದನ್ನು ಮಾಪಕಗಳು ತೀರ್ಮಾನಿಸುವುದಿಲ್ಲ, ದೆಹಲಿ ತೀರ್ಮಾನಿಸುತ್ತದೆ. ಎಷ್ಟು ಖಾತ್ರಿ ಇದ್ದರೆ ಸಾಕು, ಯಾರನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆಗಳು 1958ರಲ್ಲಿ ವಿಜ್ಞಾನಿಗಳ ಮೇಜಿನ ಮೇಲೆ ಬಂದು ಬಿದ್ದವು. ಅವರು ತಮ್ಮ ಪಾಲಿನ ಕೆಲಸವನ್ನು ಮಾಡಿ ಮುಗಿಸಿದ್ದಾರೆ. ಉಳಿದದ್ದು ನಮ್ಮ ಪಾಲಿನದು, ಪ್ರಜೆಗಳದ್ದು. ಸೇಂಟ್ ಲೂಯಿಸ್‌ನ ತಾಯಂದಿರು ಮಕ್ಕಳ ಹಲ್ಲನ್ನು ಲಕೋಟೆಗೆ ಹಾಕಿದ್ದು, ಕಜಕ್ ಕವಿ ಕವಿತೆಯನ್ನು ಬದಿಗಿಟ್ಟದ್ದು ಯಾವ ಉಪಕರಣಕ್ಕೂ ಕಾಯದೆ. ನಮ್ಮೂರಿನ ನೆಲದಡಿಯ ಈ ಕಿವಿ ಯಾರಿಗಾಗಿ ಕೇಳುತ್ತಿದೆ ಎಂದು ನಾವು ಎಂದಾದರೂ ಕೇಳಿದ್ದೇವೆಯೇ?